ಸದ್ದು ಬದಲಾಗದ ಫ್ಯಾನು

ಆ ಜನವರಿಯಲ್ಲಿ ನನ್ನ ನಾದಿನಿ ಸುನಿಲ್ದಾ ನಮ್ಮ ಮನೆಗೆ ನಿದ್ದೆ ಮಾಡಲು ಬರತೊಡಗಿದಳು.

ಅವಳು ನಮ್ಮ ರಾಜಧಾನಿ ಅಸುನ್ಸಿಯಾನಿನ ಒಂದು ಆಸ್ಪತ್ರೆಯಲ್ಲಿ ನರ್ಸು. ತಿಂಗಳು ತುಂಬದೆ ಹುಟ್ಟಿದ ಮಕ್ಕಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ವಾರ್ಡಿನಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಬಸ್ಸಿಳಿದವಳು ನಮ್ಮೂರು ಲಂಬಾರೆಯಲ್ಲಿ ನಮಗಿಂತ ಎರಡು ಬೀದಿ ಆಚೆಗಿರುವ ತನ್ನ ಮನೆಗೆ ಹೋಗುವುದು ಬಿಟ್ಟು, "ಅಕ್ಕನಿಗೆ ಸ್ವಲ್ಪ ಕೈ ಜೋಡಿಸ್ತೀನಿ ಭಾವ" ಎಂದು ನಮ್ಮಲ್ಲಿಗೆ ಬರುತ್ತಿದ್ದಳು. ಕೈ ಜೋಡಿಸುವುದು ಎಂದರೆ ಒಂದು ಮರಗೆಣಸಿನ ಸಿಪ್ಪೆಯನ್ನು ಅರ್ಧ ಸುಲಿದು, ಚಾಕುವನ್ನು ಹಾಗೇ ಮೇಜಿನ ಮೇಲಿಟ್ಟು, ನಡುಮನೆಯ ಹಳೇ ಸೋಫಾದ ಮೇಲೆ ಉರುಳಿಕೊಳ್ಳುವುದು. ಕಲ್ಲಂಗಡಿ ಮಾರುವವನ ಗಾಡಿ ಮೈಕು ಹಚ್ಚಿಕೊಂಡು ಬಂದರೂ, ಪಕ್ಕದ ಮನೆ ನಾಯಿ ಬಾಯಿ ಹರಿದುಕೊಂಡರೂ ಅವಳಿಗೆ ಎಚ್ಚರವಾಗುತ್ತಿರಲಿಲ್ಲ. ನಾನು ಭೂಗೋಳದ ಮೇಷ್ಟ್ರು. ನಮ್ಮ ದೇಶದಲ್ಲಿ ಜನವರಿ ಎಂದರೆ ಬೇಸಿಗೆ; ಶಾಲೆಗೆ ರಜ ಇದ್ದುದರಿಂದ ಇದನ್ನೆಲ್ಲ ನೋಡುತ್ತ ಮನೆಯಲ್ಲೇ ಇದ್ದೆ.

ಬೀದಿ ಸುಮ್ಮನಿರುತ್ತದೆಯೇ? ಮೂಲೆ ಅಂಗಡಿಯ ಪ್ರಿಸ್ಕಾಮ್ಮ ಮೊಟ್ಟೆ ಎಣಿಸಿ ಕೊಡುತ್ತಲೇ ಕೇಳಿದಳು: "ಏನ್ ಮೇಷ್ಟ್ರೇ, ನಿಮ್ಮ ನಾದಿನಿ ಗಂಡನ್ನ ಬಿಟ್ಟು ಬಂದಳಂತೆ?"

"ಯಾರು ಹೇಳಿದ್ದು?"

"ಯಾರೂ ಹೇಳ್ಬೇಕಾಗಿಲ್ಲ. ಬೆಳಿಗ್ಗೆ ಬರ್ತಾಳೆ, ಸಂಜೆ ಹೋಗ್ತಾಳೆ. ನನಗೇನು ಕಣ್ಣಿಲ್ವಾ?"

ಆ ಮಾತು ಡೆರ್ಲಿಸನ ಕಿವಿಗೂ ಬಿದ್ದಿರಬೇಕು. ಡೆರ್ಲಿಸ್ ಸುನಿಲ್ದಾಳ ಗಂಡ, ಅಂದರೆ ನನ್ನ ಷಡ್ಡಕ. ಮಾರನೆಯ ದಿನ ಅವಳು ಡ್ಯೂಟಿಗೆ ಹೋದ ಮೇಲೆ, ನಾನು ಅಂಗಳದ ಮಾವಿನ ಮರದಡಿ ಕುರ್ಚಿ ಹಾಕಿಕೊಂಡು ಮಂಜುಗಡ್ಡೆ ಹಾಕಿದ ಸೊಪ್ಪಿನ ಕಷಾಯ ತೆರೆರೆ ಹೀರುತ್ತಿದ್ದಾಗ ಬಂದ. ಗಡ್ಡ ಬೋಳಿಸಿರಲಿಲ್ಲ. ನಾನು ತುಂಬಿಸಿ ಕೊಟ್ಟ ಲೋಟವನ್ನು ಕೈಯಲ್ಲಿ ಹಿಡಿದುಕೊಂಡ, ಕುಡಿಯಲಿಲ್ಲ.

"ಅಣ್ಣಾ, ನೇರವಾಗೇ ಕೇಳ್ತೀನಿ. ಅವಳಿಗೆ ನಾನು ಬೇಡವಾಗಿದ್ದೀನಾ?"

"ಛೆ, ಬಿಡ್ತು ಅನ್ನು."

"ಮತ್ತೆ ನಮ್ಮನೇಲಿ ಎಸಿ ಇದೆ, ಹಾಸಿಗೆ ಇದೆ. ನಿಮ್ಮನೆ ಸೋಫಾದ ಸ್ಪ್ರಿಂಗು ನನಗೆ ಗೊತ್ತು. ಅದರ ಮೇಲೆ ಬಂದು ಮಲಗ್ತಾಳೆ ಅಂದ್ರೆ ಏನರ್ಥ?"

ಡೆರ್ಲಿಸ್ ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡುವವನು. ಬಿಲ್ಡರುಗಳು ನಕ್ಷೆ ಕಳಿಸುತ್ತಾರೆ. ಇವನು ಕಂಪ್ಯೂಟರಿನಲ್ಲಿ ಅದಕ್ಕೆ ಗೋಡೆ, ಬಿಸಿಲು, ಈಜುಕೊಳ, ಕೊಳದ ಪಕ್ಕ ನಗುವ ಹೆಂಗಸು ಎಲ್ಲ ಸೇರಿಸಿ, ಫೋಟೋ ತೆಗೆದಂತೆ ಕಾಣುವ ಹಾಗೆ ಮಾಡಿಕೊಡುತ್ತಾನೆ. ಒಂದೊಂದು ಚಿತ್ರಕ್ಕೂ ಯಂತ್ರ ಗಂಟೆಗಟ್ಟಲೆ ಲೆಕ್ಕ ಹಾಕಬೇಕು. ಬೇಗ ಮುಗಿಯಲೆಂದು ಅವನು ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿದ್ದ. ಎಂದರೆ, ಅದನ್ನು ತಯಾರಿಸಿದ ಕಂಪನಿಯವರು ಇಷ್ಟೇ ಓಡಿಸಿ ಎಂದ ವೇಗಕ್ಕಿಂತ ಜೋರಾಗಿ ಓಡಿಸುತ್ತಿದ್ದ. ಆ ಬಗ್ಗೆ ಅವನಿಗೆ ಕುದುರೆ ಸಾಕಿದವನ ಹೆಮ್ಮೆ. ಆದರೆ ಜೋರಾಗಿ ಓಡಿದ ಪ್ರೊಸೆಸರ್ ಕಾದು ಕೆಂಡವಾಗುತ್ತದೆ; ಅದಕ್ಕೆ ಗಾಳಿ ಹಾಕಲು ಪೆಟ್ಟಿಗೆಯೊಳಗೇ ಒಂದು ಫ್ಯಾನು. ನಮ್ಮ ಜನವರಿಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿಟ್ಟರೆ ಅರ್ಧ ಚಿತ್ರಕ್ಕೇ ಉಸಿರು ಬಿಟ್ಟು ಆಫ್ ಆಗಿಬಿಡುತ್ತಿತ್ತು. ಮನೆಯಲ್ಲಿದ್ದ ಒಂದೇ ಎಸಿ ಮಲಗುವ ಕೋಣೆಯಲ್ಲಿ. ಹಾಗಾಗಿ ಸುನಿಲ್ದಾಳ ಹಾಸಿಗೆಯ ಪಕ್ಕದಲ್ಲೇ ಅವನ ಯಂತ್ರ.

ನನ್ನ ಹೆಂಡತಿ ನಿಮಿಯಾ ಅಡುಗೆಮನೆ ಕಿಟಕಿಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಹೇಳಬೇಡ ಅಂತ ಅವಳು ನನ್ನ ಕೈಲಿ ಆಣೆ ಹಾಕಿಸ್ಕೊಂಡಿದಾಳೆ. ಆದ್ರೂ ಹೇಳ್ತೀನಿ. ನಿನ್ನ ಪೆಟ್ಟಿಗೆ ಅವಳಿಗೆ ನಿದ್ದೆ ಮಾಡಕ್ಕೆ ಬಿಡ್ತಿಲ್ಲ ಕಣಪ್ಪ."

"ಫ್ಯಾನ್ ಸದ್ದಾ? ಅದಕ್ಕೆ ಕಿವಿಗೆ ಹಾಕ್ಕೊಳ್ಳೋದು ತಂದ್ಕೊಟ್ಟಿದ್ದೆನಲ್ಲ ಅಕ್ಕಾ! ಇಲ್ಲಿ ನಾಯಿ ಬೊಗಳಿದ್ರೂ ಮಲಗ್ತಾಳಂತೆ."

"ಸದ್ದಲ್ಲ. ಸದ್ದು ಬದಲಾಗೋದು. ವಾರ್ಡಲ್ಲಿ ಯಂತ್ರಗಳು ಒಂದೇ ಸಮ ಗುಂಯ್ ಅಂತಿದ್ರೆ ಎಲ್ಲ ಸರಿ ಇದೆ ಅಂತ. ರಾಗ ಏರಿತು ಅಂದ್ರೆ ಯಾವುದೋ ಮಗುವಿಗೆ ಏನೋ ಆಯ್ತು ಅಂತ. ಇಷ್ಟು ವರ್ಷ ಅವಳ ಕಿವಿ ಅದನ್ನೇ ಕಾಯ್ಕೊಂಡಿದೆ. ನಿನ್ನ ಫ್ಯಾನು ಸುಮ್ನಿರುತ್ತೆ, ಇದ್ದಕ್ಕಿದ್ದ ಹಾಗೆ ಊಳಿಡುತ್ತೆ, ಮತ್ತೆ ಇಳಿಯುತ್ತೆ. ಪ್ರತಿ ಸಲ ಅವಳ ಎದೆ ಹಾರುತ್ತಂತೆ."

ಡೆರ್ಲಿಸ್ ಲೋಟ ಕೆಳಗಿಟ್ಟ.

"ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಮಧ್ಯಾಹ್ನ," ಎಂದ, "ಚಿತ್ರ ಓಡಿಸಕ್ಕೆ ಹಾಕಿದ್ದೆ. ಫ್ಯಾನು ಏರ್ತು. ಅವಳು ಹಾಸಿಗೆಯಿಂದ ಎದ್ದು ಬಂದ್ಲು. ಕಣ್ಣು ತೆರೆದೇ ಇತ್ತು, ಆದ್ರೆ ನಿದ್ದೇಲಿದ್ಲು. ಬಂದು ಆ ಪೆಟ್ಟಿಗೆ ಮೇಲೆ ಎರಡೂ ಕೈ ಇಟ್ಟು, ಏನೋ ಹುಡುಕೋ ಥರ ಸವರಿದ್ಲು. ನಾನು... ನಾನು ನಕ್ಕುಬಿಟ್ಟೆ ಅಕ್ಕಾ. ಮೊಬೈಲಲ್ಲಿ ವಿಡಿಯೋ ಬೇರೆ ಮಾಡಿದೆ."

ನಿಮಿಯಾ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಒಳಗೆ ಹೋಗಿ ಅವನಿಗೊಂದು ತಟ್ಟೆಯಲ್ಲಿ ಊಟ ತಂದಿಟ್ಟಳು. "ನಿನ್ನ ಕೆಲಸ ನಿಂತರೆ ಅಂತ ಅವಳು ಬಾಯಿ ಬಿಡಲಿಲ್ಲ. ಆ ಯಂತ್ರದ ಮೇಲೆ ನೀನು ಎಷ್ಟು ಜೀವ ಇಟ್ಟಿದೀಯ ಅಂತ ಅವಳಿಗೆ ಗೊತ್ತು. ಈಗ ತಿನ್ನು" ಎಂದಳು.

ಆ ಶನಿವಾರ ಪ್ರೊಸೆಸರನ್ನು ತಣ್ಣಗಿಡುವ ಹೊಸ ಕೂಲರ್ ಕೊಳ್ಳಲು ನಾನು, ಡೆರ್ಲಿಸ್, ಸುನಿಲ್ದಾ ಮೂವರೂ ಅಸುನ್ಸಿಯಾನಿನ ನಾಲ್ಕನೇ ಮಾರ್ಕೆಟ್ ಎಂಬ ಪೇಟೆಗೆ ಹೋದೆವು. ಸುನಿಲ್ದಾಳನ್ನೂ ಕರೆದುಕೊಂಡು ಹೋಗೋಣ ಎಂದದ್ದು ನಾನು. ಕೂಲರಿನ ಡಬ್ಬಿಯ ಮೇಲೆ ಅಚ್ಚು ಹಾಕಿದ ಅಂಕಿ ನೋಡಿ ಸದ್ದು ಆರಿಸುವುದು, ನಕ್ಷೆ ನೋಡಿ ಸೆಕೆ ತಿಳಿದುಕೊಂಡ ಹಾಗೆ. ಅಕ್ಕ ಗುಟ್ಟು ಬಿಟ್ಟುಕೊಟ್ಟಳೆಂದು ಅವಳಿಗೆ ಮೊದಲು ಸಿಟ್ಟಿತ್ತು. ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಳು. ಕಣ್ಣು ಕೆಂಪಾಗಿದ್ದವು.

ಕಂಪ್ಯೂಟರ್ ಸಾಮಾನಿನ ಅಂಗಡಿಯ ಒಡತಿ ಗ್ರಿಸೆಲ್ಡಾ ಚುರುಕು ಹೆಂಗಸು. ಡೆರ್ಲಿಸನ ಮುಖ ಕಂಡವಳೇ ಗಾಜಿನ ಕಪಾಟಿನಿಂದ ಬಣ್ಣಬಣ್ಣದ ದೀಪ ಮಿನುಗುವ ಒಂದನ್ನು ತೆಗೆದಳು. "ಇದು ನೀರಲ್ಲಿ ತಣ್ಣಗೆ ಮಾಡೋದು. ನಿನ್ನಂಥೋರು ಎಲ್ಲ ಇದನ್ನೇ ತಗೊಂಡು ಹೋಗೋದು ಮಗಾ."

ಡೆರ್ಲಿಸನ ಕಣ್ಣು ಆ ದೀಪಗಳ ಮೇಲೆ ನೆಟ್ಟಿತು. ಅವನನ್ನು ದೂರುವಂತಿರಲಿಲ್ಲ, ನನಗೂ ಚೆಂದ ಕಂಡಿತು. ಆದರೂ ಹೇಳಿದ, "ಇವಳು ಕೇಳಿ ಆರಿಸ್ಬೇಕು ಮೇಡಂ. ಓಡಿಸಿ ತೋರಿಸ್ತೀರಾ?"

"ಕೇಳಿ ಆರಿಸೋದಾ? ಇದೇನು ಗಿಟಾರೇ?"

"ನಾನು ರಾತ್ರಿ ಪಾಳಿ ನರ್ಸು ಕಣಮ್ಮ," ಎಂದಳು ಸುನಿಲ್ದಾ, "ಹಗಲು ಮಲಗಬೇಕು."

ಗ್ರಿಸೆಲ್ಡಾ ಅವಳ ಮುಖವನ್ನೊಮ್ಮೆ ನೋಡಿದಳು. ಹಿಂದಿನ ಗೋದಾಮಿಗೆ ಕರೆದುಕೊಂಡು ಹೋದಳು. ಅಲ್ಲಿ ವಾಪಸು ಬಂದ ಸಾಮಾನು ಪರೀಕ್ಷಿಸಲು ಒಂದು ಕಂಪ್ಯೂಟರನ್ನು ಬಿಚ್ಚಿಟ್ಟಿದ್ದರು. ಬೀದಿ ಸದ್ದು ಬರದಂತೆ ಬಾಗಿಲು ಮುಚ್ಚಿದಳು. ಸುನಿಲ್ದಾ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಕಣ್ಣು ಮುಚ್ಚಿದಳು.

ಮೊದಲು ದೀಪದ್ದು.

"ಒಳಗೆ ಏನೋ ಗೊರಗೊರ ಅಂತಿದೆ. ಎದೇಲಿ ಕಫ ಕಟ್ಟಿದ ಹಾಗೆ. ಬೇಡ."

"ಅದು ಪಂಪು," ಎಂದಳು ಗ್ರಿಸೆಲ್ಡಾ, ಸ್ವಲ್ಪ ಮುಖ ಸಣ್ಣಗೆ ಮಾಡಿಕೊಂಡು.

ಎರಡನೆಯದು ಗಾಳಿಯದೇ, ಒಂದೇ ಸಣ್ಣ ಫ್ಯಾನಿನದು. ಸದ್ದಿಲ್ಲದೆ ಶುರುವಾಯಿತು. ಪ್ರೊಸೆಸರಿಗೆ ಭಾರದ ಕೆಲಸ ಹಚ್ಚಿದ್ದೇ ತಡ, ಸೊಳ್ಳೆ ಕಿವಿಯ ಬಳಿ ಬಂದಂತೆ ಕೀಂ ಎಂದಿತು. ಸುನಿಲ್ದಾ ಕಣ್ಣು ತೆರೆಯದೆಯೇ ಬೆಚ್ಚಿದಳು. ಅವಳ ಕೈ ಮೊಣಕಾಲಿನಿಂದ ಮೇಲೆದ್ದು ಗಾಳಿಯಲ್ಲಿ ನಿಂತಿತು. ಅದನ್ನು ಕಂಡ ಡೆರ್ಲಿಸ್, "ತೆಗೀರಿ, ತೆಗೀರಿ ಅದನ್ನ" ಎಂದು ತಾನೇ ವೈರು ಕಿತ್ತ.

ಮೂರನೆಯದನ್ನು ಗ್ರಿಸೆಲ್ಡಾ ಹಿಂಜರಿಯುತ್ತಲೇ ಮೇಲಿನ ಹಲಗೆಯಿಂದ ಇಳಿಸಿದಳು. ಯಾರೂ ಕೇಳುವುದಿಲ್ಲವಂತೆ, ನೋಡಲು ಚೆನ್ನಾಗಿಲ್ಲವಲ್ಲ. ಇಟ್ಟಿಗೆಗಿಂತ ದೊಡ್ಡದು. ತಾಮ್ರದ ಕೊಳವೆಗಳಿಗೆ ಪೋಣಿಸಿದ ತೆಳು ತಗಡುಗಳ ಎರಡು ಗೋಪುರ, ಅವಕ್ಕೆ ಅಗಲವಾದ ಎರಡು ಫ್ಯಾನು. ಬಣ್ಣ ಹಾಲು ಹೆಚ್ಚಾದ ಕಾಫಿಯದು. ಓಡಿಸಿದರು. ಭಾರದ ಕೆಲಸ ಹಚ್ಚಿದರು. ಫ್ಯಾನುಗಳು ನಿಧಾನಕ್ಕೆ ತಿರುಗುತ್ತಿದ್ದವು. ದೂರದಲ್ಲೆಲ್ಲೋ ಯಾರೋ ಉಸಿರಾಡಿದಂತೆ ಒಂದೇ ಸಮನೆ ಸದ್ದು.

ನಾವು ಕಾದೆವು. ಆಮೇಲೆ ಸುನಿಲ್ದಾಳ ತಲೆ ಗೋಡೆಗೆ ವಾಲಿತು.

"ಮಲಗೇ ಬಿಟ್ಲಾ?" ಗ್ರಿಸೆಲ್ಡಾ ಪಿಸುಗುಟ್ಟಿದಳು.

"ಇಲ್ಲ," ಎಂದಳು ಸುನಿಲ್ದಾ ಕಣ್ಣು ಮುಚ್ಚಿಕೊಂಡೇ. "ಆದ್ರೆ ಎಬ್ಬಿಸಬೇಡಿ."

ತಗಡು ಹೆಚ್ಚಿದ್ದಷ್ಟೂ ಶಾಖ ಹರಡಿಕೊಳ್ಳುತ್ತದೆ, ಫ್ಯಾನು ಅಗಲವಾಗಿದ್ದಷ್ಟೂ ನಿಧಾನಕ್ಕೆ ತಿರುಗಿದರೆ ಸಾಕು ಎಂದು ಡೆರ್ಲಿಸ್ ಬಸ್ಸಿನಲ್ಲಿ ನನಗೆ ವಿವರಿಸಿದ. ಇದೆಲ್ಲ ಅವನಿಗೆ ಮೊದಲೇ ಗೊತ್ತಿತ್ತು. ಮತ್ತೇಕೆ ಕೊಂಡಿರಲಿಲ್ಲ ಎಂದರೆ, "ಪೆಟ್ಟಿಗೆಯ ಗಾಜಿನ ಬಾಗಿಲಿಂದ ನೋಡಿದ್ರೆ ಚೆನ್ನಾಗಿರಲ್ಲ ಅಣ್ಣಾ" ಎಂದು ನಾಚಿಕೊಂಡ.

ಗಾಜಿನ ಬಾಗಿಲಿನ ತಂಟೆ ತಾನಾಗೇ ಮುಗಿಯಿತು. ಮನೆಗೆ ಬಂದು, ಹಳೇ ಕೂಲರ್ ಬಿಚ್ಚಿ, ಪ್ರೊಸೆಸರಿನ ಮೇಲೆ ಒಣಗಿ ಅಂಟಿದ್ದ, ಶಾಖ ಸಾಗಿಸುವ ಮುಲಾಮನ್ನು ಒರೆಸಿ, ಹೊಸದು ಹಚ್ಚಿ, ನಾನು ಟಾರ್ಚ್ ಹಿಡಿದು ಅವನು ಸ್ಕ್ರೂ ಬಿಗಿದು ಎಲ್ಲ ಮುಗಿಸಿದರೆ, ಬಾಗಿಲು ಹಾಕಲು ಬರುತ್ತಿಲ್ಲ. ಗೋಪುರ ಒಂದು ಬೆರಳಿನಷ್ಟು ಹೊರಗೆ ಚಾಚಿತ್ತು. ಅಂಗಡಿಯಲ್ಲಿ ಗ್ರಿಸೆಲ್ಡಾ "ನಿನ್ನ ಪೆಟ್ಟಿಗೆ ಅಗಲ ಎಷ್ಟು?" ಎಂದು ಕೇಳಿದಾಗ ಇವನು "ಹಿಡಿಯುತ್ತೆ ಹಿಡಿಯುತ್ತೆ" ಎಂದು ತಲೆಯಾಡಿಸಿದ್ದ.

"ಗಿಡ್ಡದು ತಗೊಂಬರೋಣ ಬಿಡು," ಎಂದೆ ನಾನು.

"ಬೇಡ. ಅವಳು ಆರಿಸಿದ್ದು ಇದನ್ನ. ಪೆಟ್ಟಿಗೆ ಬದಲಾಯಿಸ್ತೀನಿ."

ಸೋಮವಾರ ಹೋಗಿ ಗ್ರಿಸೆಲ್ಡಾಳ ಗೋದಾಮಿನಿಂದ ಒಂದು ಹಳೇ ಕಬ್ಬಿಣದ ಪೆಟ್ಟಿಗೆ ಹೊತ್ತು ತಂದ. ಅಡ್ಡಾದಿಡ್ಡಿ ದೊಡ್ಡದು, ಒಂದು ಮೂಲೆ ತಗ್ಗಾಗಿತ್ತು, ಗಾಜಿಲ್ಲ. ಅದರೊಳಗೆ ಗೋಪುರಕ್ಕೆ ಧಾರಾಳ ಜಾಗ ಸಿಕ್ಕಿತು.

ಆದರೂ ಕೆಲಸ ಮುಗಿದಿರಲಿಲ್ಲ. ಅಂಗಡಿಯ ಪ್ರೊಸೆಸರ್ ಸಾಧುಪ್ರಾಣಿ, ಇವನದು ಮಿತಿಮೀರಿ ಓಡುವಂಥದು. ಈಜುಕೊಳದ ಚಿತ್ರವೊಂದನ್ನು ಹಾಕಿದ್ದೇ ಫ್ಯಾನು ಮೊದಲಿನಷ್ಟಲ್ಲದಿದ್ದರೂ ಏರತೊಡಗಿತು, ಕೊಂಚ ಇಳಿಯಿತು, ಮತ್ತೆ ಏರಿತು. ಡೆರ್ಲಿಸ್ ತೆರೆಯ ಮೇಲಿನ ಅಂಕಿಗಳನ್ನೇ ನೋಡುತ್ತ ಕೂತ. ಅಷ್ಟು ವೇಗ ಮುಟ್ಟಲು ಅವನು ವಾರಗಟ್ಟಲೆ ಒದ್ದಾಡಿದ್ದ. ಬ್ರೆಜಿಲಿನ ಗೆಳೆಯರ ಗುಂಪಿನಲ್ಲಿ ಅದನ್ನು ಹಾಕಿ ಶಹಬ್ಬಾಸ್ ಅನ್ನಿಸಿಕೊಂಡಿದ್ದ.

"ಆ ಕೊನೇ ಚೂರು ವೇಗಕ್ಕೇ ಅಣ್ಣಾ ಅರ್ಧ ಶಾಖ," ಎಂದ. "ಅಲ್ಲಿಗೆ ಮುಟ್ಟಿಸಕ್ಕೆ ಕರೆಂಟು ತುಂಬಾ ತಿನ್ನಿಸಬೇಕು."

"ಬಿಟ್ರೆ ಏನಾಗುತ್ತೆ?"

"ಒಂದು ಚಿತ್ರಕ್ಕೆ ಒಂದು ಜಗ್ ತೆರೆರೆ ಕುಡಿಯೋವಷ್ಟು ಹೊತ್ತು ಜಾಸ್ತಿ ಆಗುತ್ತೆ."

"ಹಾಗಿದ್ರೆ ಕುಡಿ."

ನಗಲಿಲ್ಲ. ಆದರೆ ವೇಗವನ್ನು ಒಂದು ಮೆಟ್ಟಿಲು ಇಳಿಸಿದ, ಕರೆಂಟನ್ನು ಅದಕ್ಕಿಂತ ಹೆಚ್ಚು ಇಳಿಸಿದ. ಆಮೇಲೆ ಫ್ಯಾನುಗಳಿಗೆ, ಕ್ಷಣಕ್ಷಣದ ಬಿಸಿಗೆ ಹಾರಾಡದೆ ಒಂದೇ ಗತಿಯಲ್ಲಿ ತಿರುಗುತ್ತಿರಿ ಎಂದು ಕಟ್ಟುಪಾಡು ಮಾಡಿದ. ಮತ್ತೆ ಅದೇ ಚಿತ್ರ ಹಾಕಿದ. ಪ್ರೊಸೆಸರ್ ಬಿಸಿಯಾಯಿತು, ಆದರೆ ಒಂದು ಹಂತಕ್ಕೆ ಬಂದು ನಿಂತಿತು. ಫ್ಯಾನಿನ ಸದ್ದು ಅಲುಗಲಿಲ್ಲ. ಡೆರ್ಲಿಸ್ ಪೆಟ್ಟಿಗೆಗೆ ಕಿವಿಯಿಟ್ಟು ನೋಡಿದ, ನನ್ನನ್ನೂ ಇಡಿಸಿದ.

ಸುನಿಲ್ದಾ ತನ್ನ ಹಾಸಿಗೆಗೆ ವಾಪಸಾದಳು. ಮೊದಲ ದಿನ ಪವಾಡವೇನೂ ಆಗಲಿಲ್ಲ. ಅಭ್ಯಾಸಬಲದಿಂದ ಮಧ್ಯೆ ಮಧ್ಯೆ ಎಚ್ಚರವಾಯಿತಂತೆ. ಸದ್ದು ಯಾವಾಗ ಏರುತ್ತದೋ ಎಂದು ಕಾಯುತ್ತ ಮಲಗಿದ್ದಳಂತೆ. ಎರಡನೇ ದಿನ ಒಂದೇ ಸಲ ಎದ್ದಳಂತೆ. ಆಮೇಲೆ ನಿಮಿಯಾ ಕೇಳುವುದನ್ನು ಬಿಟ್ಟಳು.

ಆ ವಾರದ ಕೊನೆಗೊಂದು ಸಂಜೆ ಡೆರ್ಲಿಸ್ ನನಗೆ ಫೋನು ಮಾಡಿದ. ಗುಟ್ಟು ಹೇಳುವವನಂತೆ ಪಿಸುದನಿ.

"ಅಣ್ಣಾ, ಬೈಕ್ ತಗೊಂಡು ಬರ್ತೀರಾ? ಅವಳ ಬಸ್ಸು ಹೋಗೋ ಹೊತ್ತಾಯ್ತು. ಇನ್ನೂ ಎದ್ದಿಲ್ಲ."

"ಎಬ್ಬಿಸೋ!"

"ಹೇಗೆ ಎಬ್ಬಿಸ್ಲಿ? ನೀವು ಬಂದು ನೋಡಿ."

ಹೋದೆ. ಅವನು ಮಲಗುವ ಕೋಣೆಯ ಹೊಸ್ತಿಲ ಮೇಲೆ ಬರಿಗಾಲಲ್ಲಿ ಕೂತಿದ್ದ. ಒಳಗೆ ಯಂತ್ರ ಯಾರದೋ ಮಾಳಿಗೆ ಮನೆಯನ್ನು ಕಟ್ಟುತ್ತಿತ್ತು. ಸುನಿಲ್ದಾ ಬೋರಲಾಗಿ, ಬಾಯಿ ಸ್ವಲ್ಪ ತೆರೆದು, ಒಂದು ಕೈ ಮಂಚದ ಕೆಳಗೆ ಜೋತುಬಿಟ್ಟು ಮಲಗಿದ್ದಳು. ನಾವಿಬ್ಬರು ಗಂಡಸರು ಕಳ್ಳರ ಹಾಗೆ ಬಾಗಿಲಲ್ಲಿ ನಿಂತು, "ನೀವು ಕರೀರಿ", "ಇಲ್ಲ ನೀನು ಕರಿ" ಎಂದು ಕಣ್ಣಲ್ಲೇ ಜಗಳಾಡಿದೆವು. ಕೊನೆಗೆ ಅವನು ಹೋಗಿ ಅವಳ ಪಾದ ಮುಟ್ಟಿದ.

ಎದ್ದವಳು ಕಿಟಕಿಯ ಬೆಳಕು ನೋಡಿದಳು, ಗಡಿಯಾರ ನೋಡಿದಳು, ನಮ್ಮನ್ನು ನೋಡಿದಳು.

"ಅಯ್ಯೋ ನಿಮ್ಮ! ಇಬ್ಬರು ದಾಂಡಿಗರು ನಿಂತ್ಕೊಂಡು ನೋಡ್ತಿದೀರಾ? ಎಬ್ಬಿಸಕ್ಕೆ ಬಾಯಿಲ್ವಾ? ನನ್ನ ಶೂ ಎಲ್ಲಿ? ಡೆರ್ಲಿಸ್, ಸಮವಸ್ತ್ರ! ಭಾವ, ಬೈಕ್ ಸ್ಟಾರ್ಟ್ ಮಾಡಿ!"

ಒದ್ದೆ ತಲೆಯಲ್ಲೇ ಹಿಂದೆ ಹತ್ತಿದಳು. ಡೆರ್ಲಿಸ್ ಓಡಿಬಂದು ಅವಳ ಕೈಗೊಂದು ಚಿಪಾ ರೊಟ್ಟಿ ತುರುಕಿದ. ಬೈಸಿಕೊಂಡು ಅಷ್ಟು ಖುಷಿಯಾಗಿ ನಿಂತ ಗಂಡಸನ್ನು ನಾನು ಬೇರೆ ಕಂಡಿಲ್ಲ.

ದಾರಿಯುದ್ದಕ್ಕೂ ಅವಳು ರೊಟ್ಟಿ ಅಗಿಯುತ್ತ ನಮ್ಮಿಬ್ಬರಿಗೂ ಮಂಗಳಾರತಿ ಎತ್ತುತ್ತಲೇ ಇದ್ದಳು. ಆಸ್ಪತ್ರೆ ಹತ್ತಿರದ ಸಿಗ್ನಲಿನಲ್ಲಿ ನಿಂತಾಗ ಸುಮ್ಮನಾದಳು.

"ಭಾವ, ಇವತ್ತು ನನಗೆ ಕನಸು ಬಿತ್ತು. ಎಷ್ಟೋ ತಿಂಗಳಾಗಿತ್ತು."

"ಏನು ಕನಸು?"

"ಅದೇ ಯೋಚಿಸ್ತಿದೀನಿ. ಮರ್ತೇ ಹೋಗಿದೆ," ಎಂದು ನಕ್ಕಳು. ಹಸಿರು ದೀಪ ಬಿತ್ತು. ಗೇಟಿನ ಬಳಿ ಇಳಿದು, ತುಟಿಗೆ ಅಂಟಿದ್ದ ರೊಟ್ಟಿಯ ಪುಡಿ ಒರೆಸಿಕೊಂಡು, ಮೆಟ್ಟಿಲು ಹಾರುತ್ತ ಒಳಗೆ ಓಡಿದಳು.