ಎರಡನೆಯ ಏಕಾದಶಿ

ಇವತ್ತು ದ್ವಾದಶಿಯೇ ತಾನೆ? ಅಥವಾ ತಪ್ಪು ತನ್ನದೇ ಇರಬಹುದೇ? ಜಯಸಿಂಹ ಮೂರನೆಯ ಸಲ ಗೋಡೆಯ ಪಂಚಾಂಗದ ಮುಂದೆ ಹೋಗಿ ನಿಂತರು. ಕನ್ನಡಕ ಒರೆಸಿಕೊಂಡು, ಬೆರಳಿಟ್ಟು ಓದಿದರು. ದ್ವಾದಶಿ. ನಿನ್ನೆ ಇಬ್ಬರೂ ಉಪವಾಸವಿದ್ದದ್ದು ನಿಜ. ಪಾರಣೆ ಮುಗಿಯಬೇಕಿದ್ದ ಈ ಹೊತ್ತಿನಲ್ಲಿ ಅಡುಗೆಮನೆಯ ಒಲೆ ಮಾತ್ರ ತಣ್ಣಗಿತ್ತು.

ಹೆಂಡತಿ ಸೀತಾಲಕ್ಷ್ಮಿ ದೇವರ ಮುಂದೆ ದೀಪ ಹಚ್ಚಿ ಸುಮ್ಮನೆ ಕೂತಿದ್ದರು.

"ಅಗಸೆ ಸೊಪ್ಪು ಯಾಕ್ರೀ ತಂದ್ರಿ, ಏಕಾದಶಿ ದಿನ?"

"ಏಕಾದಶಿ ನಿನ್ನೆ ಆಯ್ತಲ್ಲೇ."

"ನಿನ್ನೆ ದಶಮಿ." ಆಕೆ ಗಂಡನನ್ನು ಕನಿಕರದಿಂದ ನೋಡಿದರು. "ನಿಮಗೆ ಮರೆವು ಬಂದಿದೆ."

ಸೊಪ್ಪು ಕೊಡುವಾಗ ಬೀದಿ ಕೊನೆಯ ಗಾಡಿಯ ಮುನಿಯಕ್ಕನೂ ಏನೋ ಹೇಳಿದ್ದಳು. "ಅಮ್ಮಾವ್ರು ಮೊದ್ಲು ಒಂದ್ ಕಟ್ಟಿಗೆ ಹತ್ತು ಮಾತಾಡೋರು ಸಾರ್. ಈಗ ಬಾಡಿದ್ದು ಕೊಟ್ರೂ ಹಂಗೇ ತಗೊಂಡೋಗ್ತಾರೆ. ಮೋಸ ಮಾಡಕ್ಕೂ ಮನ್ಸು ಬರಲ್ಲ ನಂಗೆ." ಅವಳು ನಕ್ಕಿದ್ದಳು. ಜಯಸಿಂಹ ನಕ್ಕಿರಲಿಲ್ಲ.

ಹದಿನೈದು ದಿನದ ಹಿಂದಿನ ಏಕಾದಶಿಗೂ ಹೀಗೇ ಆಗಿತ್ತು. ಎರಡನೆಯ ದಿನವೂ ಉಪವಾಸ ಕೂತ ಸೀತಾಲಕ್ಷ್ಮಿ ಸಂಜೆ ಬಚ್ಚಲ ಬಾಗಿಲಲ್ಲಿ ಕುಸಿದಿದ್ದರು. ಜಯನಗರದ ಡಾಕ್ಟರು ಆಕೆಯನ್ನು ಏನೇನೋ ಕೇಳಿ, ಗಡಿಯಾರದ ಚಿತ್ರ ಬರೆಸಿ, ಆಮೇಲೆ ಜಯಸಿಂಹರನ್ನು ಒಬ್ಬರನ್ನೇ ಕೂರಿಸಿಕೊಂಡಿದ್ದರು.

"ದಿನಾ ಯಾರ ಜೊತೆ ಮಾತಾಡ್ತಾರೆ?"

"ನಾನಿದ್ದೀನಲ್ಲ."

"ನೀವಿಬ್ರೂ ಏನು ಮಾತಾಡ್ತೀರಿ?"

ಜಯಸಿಂಹ ಯೋಚಿಸಿದರು. "ಕಾಫಿ ಆಯ್ತಾ ಅಂತ ಕೇಳ್ತೀನಿ."

"ಮಕ್ಕಳು?"

"ಒಬ್ಬಳೇ ಮಗಳು. ಇಲ್ಲೇ, ಸುಬ್ರಹ್ಮಣ್ಯಪುರ."

"ಮಕ್ಕಳ ಜೊತೆ ಮಾತುಕತೆ ಕಮ್ಮಿಯಾದವರು ಬೇಗ ಮಂಕಾಗೋದನ್ನ ನೋಡಿದ್ದೀನಿ ಸಾರ್. ಅದೊಂದೇ ಕಾರಣ ಅನ್ನಲ್ಲ. ಮಾತ್ರೆ ನಾನು ಕೊಡ್ತೀನಿ. ದಿನಾ ಫೋನ್ ಮಾಡೋಕೆ ಮಗಳಿಗೆ ನೀವು ಹೇಳಿ."

ಹೇಳುತ್ತೇನೆಂದು ತಲೆಯಾಡಿಸಿ ಎದ್ದು ಬಂದಿದ್ದರು. ಹೇಳಿರಲಿಲ್ಲ.

ಎರಡು ವರ್ಷದ ಹಿಂದಿನವರೆಗೆ ಮಗಳು ಸುರಭಿ ದಿನಾ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತಿದ್ದಳು. "ಅಮ್ಮ, ಇವತ್ತೇನು ಅಡುಗೆ?" ಎಂದು ಶುರುವಾದದ್ದು ಒಂದು ಗಂಟೆ ಎಳೆಯುತ್ತಿತ್ತು. ನಾಳೆ ಏಕಾದಶಿ, ಅಕ್ಕಿ ನೆನೆಸಬೇಡ. ಮೆಂತ್ಯ ಕಾಲು ಚಮಚ ಸಾಕು. ಷಷ್ಠಿಗೆ ನಿಮ್ಮತ್ತೆ ಏನಂದರು. ತಿಥಿಯೂ ಅಳತೆಯೂ ಚಾಡಿಯೂ ಒಂದೇ ಉಸಿರಿನಲ್ಲಿ. ಜಯಸಿಂಹರ ಎರಡನೆಯ ಕಾಫಿ ಆ ಮಾತು ಮುಗಿಯುವವರೆಗೆ ಕಾಯಬೇಕಿತ್ತು. ನಲವತ್ತು ವರ್ಷ ಆಫೀಸಿನ ಗದ್ದಲದಲ್ಲಿ ದುಡಿದ ಅವರಿಗೆ ಬೇಕಿದ್ದದ್ದು ಒಂದು ಸದ್ದಿಲ್ಲದ ಬೆಳಗು. ಒಂದು ದಿನ ಫೋನನ್ನು ತಾವೇ ಎತ್ತಿಕೊಂಡರು. "ದಿನಾ ಮಾಡ್ಬೇಡ ಮಗು. ಅಮ್ಮನಿಗೆ ಸುಸ್ತಾಗುತ್ತಂತೆ. ಅವಳೇ ಹೇಳಿದ್ಳು, ನಿನಗೆ ಹೇಳೋಕೆ ಸಂಕೋಚ ಅಂತ."

ಅಷ್ಟು ಸುಲಭವಾಗಿ ಆಗಿಹೋಯಿತು. ಸುರಭಿ ಭಾನುವಾರಕ್ಕೆ ಇಳಿದಳು. ಸೀತಾಲಕ್ಷ್ಮಿ ತಾವಾಗಿ ಮಾಡಿದರೂ, "ಅಮ್ಮ, ನೀನು ರೆಸ್ಟ್ ತಗೋ" ಎಂದು ಬೇಗ ಇಟ್ಟುಬಿಡುವಳು. ಆಕೆ ಕೆಲವು ದಿನ ಹತ್ತು ಗಂಟೆಗೆ ಫೋನಿನ ಪಕ್ಕ ಕೂತರು. "ಸುರಭಿಗೆ ನನ್ನ ಮೇಲೆ ಏನೋ ಕೋಪ," ಎಂದರು. "ಅವಳಿಗೆ ಕೆಲಸ ಜಾಸ್ತಿ," ಎಂದರು ಜಯಸಿಂಹ. ಆಮೇಲೆ ಆಕೆ ಕೂರುವುದನ್ನೂ ಬಿಟ್ಟರು. ಮನೆ ಜಯಸಿಂಹ ಬಯಸಿದಷ್ಟೇ ನಿಶ್ಶಬ್ದವಾಯಿತು. ಆ ನಿಶ್ಶಬ್ದ ಅಲ್ಲಿಗೆ ನಿಲ್ಲದೆ ಹೆಂಡತಿಯೊಳಗೂ ಇಳಿಯುತ್ತಿದೆಯೆಂದು ಅವರಿಗೆ ಗೊತ್ತಾಗಲಿಲ್ಲ. ಹಬ್ಬಕ್ಕೆ ಮಗಳು ಬಂದಾಗ ಸೀತಾಲಕ್ಷ್ಮಿ ಮೊದಲಿನಂತೆಯೇ ಓಡಾಡುತ್ತಿದ್ದರಿಂದ ಸುರಭಿಗೂ ಗೊತ್ತಾಗಲಿಲ್ಲ.

ಈಗ ಹನ್ನೊಂದಾಯಿತು. ಸೀತಾಲಕ್ಷ್ಮಿಯ ತುಟಿ ಒಣಗಿತ್ತು. ಹಾಲು ಕೊಟ್ಟರೆ ಲೋಟವನ್ನು ದೂರ ಸರಿಸಿದರು. ಜಯಸಿಂಹ ಸುರಭಿಗೆ ಫೋನ್ ಮಾಡಿದರು. "ಅಮ್ಮ ಹಠ ಹಿಡಿದಿದ್ದಾಳೆ, ಪಾರಣೆ ಮಾಡ್ತಿಲ್ಲ. ನೀನೊಂದು ಮಾತು ಹೇಳು." ಸ್ಪೀಕರ್ ಹಾಕಿ ಹೆಂಡತಿಯ ಮುಂದೆ ಹಿಡಿದರು.

"ಅಮ್ಮ, ದ್ವಾದಶಿಗೆ ಏನೇನು ಮಾಡ್ತೀಯ ಹೇಳು. ನನಗೆ ಮರೆತೇ ಹೋಗಿದೆ."

ಸೀತಾಲಕ್ಷ್ಮಿಯ ಕಣ್ಣು ನಿಧಾನವಾಗಿ ಫೋನಿನ ಮೇಲೆ ನಿಂತಿತು. "ಮರೆಯೋದು ಏನೇ ಅದರಲ್ಲಿ? ಹುಣಸೆಹಣ್ಣು ಮುಟ್ಟಬೇಡ. ಹೆಸರುಬೇಳೆ ಬೇಯೋಕಿಡು. ನೆಲ್ಲಿಕಾಯಿ ಚಟ್ನಿ. ಅಗಸೆ ಸೊಪ್ಪನ್ನ ಸಣ್ಣಗೆ ಹೆಚ್ಚಬೇಕು, ನಿನ್ನ ಥರ ಹುಲ್ಲು ಕೊಯ್ದ ಹಾಗಲ್ಲ." ಹೇಳುತ್ತಲೇ ಎದ್ದು ಅಡುಗೆಮನೆಗೆ ನಡೆದರು. ಒಲೆ ಹೊತ್ತಿಕೊಂಡ ಸದ್ದು ಕೇಳಿಸಿತು. ಎರಡು ವರ್ಷದಿಂದ ಕಾಣೆಯಾದವಳು ಎರಡು ನಿಮಿಷಕ್ಕೆ ಮನೆಗೆ ಬಂದಂತಿತ್ತು.

"ಅಪ್ಪ," ಎಂದಳು ಸುರಭಿ. "ಸ್ಪೀಕರ್ ತೆಗೀರಿ."

ತೆಗೆದರು.

"ಅಮ್ಮ ಚೆನ್ನಾಗೇ ಮಾತಾಡ್ತಾಳಲ್ಲ. ನಿಜವಾಗ್ಲೂ ಫೋನ್ ಬೇಡ ಅಂದಿದ್ಳಾ? ನೀವು ಹೂಂ ಅಂದ್ರೆ ನಾನು ಇನ್ನು ಕೇಳಲ್ಲ. ಅಲ್ಲ ಅಂದ್ರೆ ನಾಳೆಯಿಂದ ಹತ್ತು ಗಂಟೆಗೆ ಮಾಡ್ತೀನಿ."

ಒಳಗೆ ಈಳಿಗೆಮಣೆಯ ಸದ್ದು ತಡವರಿಸಿ ನಿಂತಿತು. ಒಲೆ ಆರಿಸಿದ ಸದ್ದು. "ಏನೂಂದ್ರೆ," ಸೀತಾಲಕ್ಷ್ಮಿ ಕೂಗಿದರು, "ಏಕಾದಶಿ ದಿನ ಇದನ್ನೆಲ್ಲ ಯಾರು ತಂದಿಟ್ಟದ್ದು?"

"ಅಪ್ಪ, ಇದ್ದೀರಾ?"

"ಹೂಂ," ಎಂದರು ಜಯಸಿಂಹ.

"ಸರಿ. ಭಾನುವಾರ ಮಾಡ್ತೀನಿ," ಎಂದು ಸುರಭಿ ಫೋನಿಟ್ಟಳು.

ಆ ಭಾನುವಾರವೂ, ಆಮೇಲಿನ ಯಾವ ಭಾನುವಾರವೂ, ಫೋನ್ ಬೇಡವೆಂದದ್ದು ಅಮ್ಮನಲ್ಲ, ನಾನು ಎಂದು ಜಯಸಿಂಹ ಮಗಳಿಗೆ ಹೇಳಲಿಲ್ಲ.