ಹಳದಿಯವರ ರಜೆ

ಝಾರ್ ದೊರೆಯ ಕಾಲದಲ್ಲಿ ನಮ್ಮ ಊರಿಗೆ ಒಬ್ಬ ಧಣಿ, ಅವನದೊಂದು ಕಬ್ಬಿಣದ ಕುಲುಮೆ, ಒಂದು ಇಗರ್ಜಿ ಇದ್ದವು. ಧಣಿ ಆರು ದಿನ ದುಡಿಸುತ್ತಿದ್ದ, ಬೈಯುತ್ತಿದ್ದ, ಕುಡಿದಾಗ ಹೊಡೆಯುತ್ತಿದ್ದ. ಏಳನೆಯ ದಿನ ಇಗರ್ಜಿಯ ಗಂಟೆ ಹೊಡೆಯಿತೆಂದರೆ ಅವನೂ ತೆಪ್ಪಗಾಗುತ್ತಿದ್ದ. ಕ್ರಾಂತಿ ಬಂತು, ಧಣಿ ಓಡಿಹೋದ. ಹೋಗಲಿ ಬಿಡಿ, ಅವನಿಗಾಗಿ ಅಳುವ ಹುಚ್ಚು ನನಗಿಲ್ಲ. ಆಮೇಲೆ ಐದು ವರ್ಷದ ಯೋಜನೆ ಬಂತು. ಹಳೆಯ ಕುಲುಮೆಯ ಜಾಗದಲ್ಲಿ ಕತ್ತೆತ್ತಿ ನೋಡಬೇಕಾದಂಥ ಕುಲುಮೆಗಳು ಎದ್ದವು. ಗಂಟೆಯನ್ನು ಗೋಪುರದಿಂದ ಕೆಡವಿ, ಒಡೆದು, ಕರಗಿಸಲು ಒಯ್ದರು. ಅದಾದ ಮೇಲೆ ಭಾನುವಾರವನ್ನೇ ತೆಗೆದುಹಾಕಿದರು.

ನಗಬೇಡಿ, ನಿಜವಾಗಿಯೂ ತೆಗೆದರು. ಯಂತ್ರ ಒಂದು ದಿನವೂ ನಿಲ್ಲಬಾರದಂತೆ! ವಾರಕ್ಕೆ ಐದೇ ದಿನ, ಕೆಲಸಗಾರರಿಗೆ ಐದು ಬಣ್ಣದ ಚೀಟಿ. ಹಳದಿಯವರಿಗೆ ಇವತ್ತು ರಜೆಯಾದರೆ ಹಸಿರಿನವರಿಗೆ ನಾಡಿದ್ದು. ಊರೆಲ್ಲ ಒಟ್ಟಿಗೆ ಕೂತು ಉಣ್ಣುವ ದಿನ ಅಂತ ಒಂದೂ ಉಳಿಯಲಿಲ್ಲ.

ನಾನು ಫೆವ್ರೋನ್ಯಾ, ಕಾರ್ಮಿಕರ ಬ್ಯಾರಕ್ಕಿನಲ್ಲಿ ಎಲ್ಲರಿಗೂ ಬಿಸಿನೀರು ಕಾಯಿಸುವ ಮುದುಕಿ. ಅಲ್ಲಿ ಕೋಣೆಗೂ ಕೋಣೆಗೂ ನಡುವೆ ಬರೀ ಹಲಗೆ. ಈಚೆ ಕೋಣೆಯಲ್ಲಿ ಹೊಸ ಜೋಡಿ, ಎಫೀಮ್ ಮತ್ತು ಗ್ಲಾಫಿರಾ. ಅವನು ಕುಲುಮೆಯಲ್ಲಿ, ಹಸಿರು. ಅವಳು ಕ್ರೇನ್ ನಡೆಸುವವಳು, ಹಳದಿ, ಪಾಳಿಯೂ ಬೇರೆ. ಆಚೆ ಕೋಣೆಯಲ್ಲಿ ಲುಕ್ಯಾನ್ ಮತ್ತು ಅವನ ಹೆಂಡತಿ ಉಸ್ತೀನ್ಯಾ. ಲುಕ್ಯಾನನೂ ಕೆಲಸದಲ್ಲಿ ಎಫೀಮನ ಗುಂಪಿನವನೇ, ಆದರೆ ಗಂಡಹೆಂಡತಿ ಇಬ್ಬರಿಗೂ ಹಳದಿಯೇ ಬಿದ್ದಿತ್ತು, ಅದೃಷ್ಟ. ರಜೆಯ ದಿನ ಅವರು ಇಸ್ಪೀಟಾಡುತ್ತ, ಕಿತ್ತಾಡುತ್ತ, ನಗುವುದು ಹಲಗೆ ದಾಟಿ ಬರುತ್ತಿತ್ತು. ಈಚೆ ಗ್ಲಾಫಿರಾ ಒಬ್ಬಳೇ ಗಂಡನ ಅಂಗಿ ತಿಕ್ಕುತ್ತ ಅದನ್ನು ಕೇಳಿಸಿಕೊಳ್ಳುತ್ತಿದ್ದಳು.

"ಅಜ್ಜೀ, ಮದ್ವೆ ಆದಾಗಿಂದ ಅವ್ರು ನಿದ್ದೆ ಮಾಡೋ ಮುಖಾನೇ ನೋಡಿರೋದು ನಾನು. ಒಂದೇ ಒಂದು ದಿನ ಎದುರುಬದುರು ಕೂತು ಉಣ್ಬೇಕು, ಅಷ್ಟೇ ಸಾಕು" ಎನ್ನುತ್ತಿದ್ದಳು.

ಇಬ್ಬರಿಗೂ ಒಂದೇ ಬಣ್ಣ ಕೊಡಿ ಎಂದು ಮೇಸ್ತ್ರಿಯ ಬೆನ್ನು ಬಿದ್ದಳು. ಅವನು, "ಕ್ರೇನಲ್ಲಿ ಹಸಿರು ಖಾಲಿ ಇಲ್ಲ. ಎಫೀಮನ ಗುಂಪಲ್ಲಿ ಹಳದಿ ಜಾಗ ಇರೋದು ಒಂದೇ ತಾಯಿ, ಅದು ಲುಕ್ಯಾನಂದು. ಖಾಲಿಯಾದ್ರೆ ನೋಡೋಣ" ಎಂದ.

"ಯಾವಾಗ್ಲೂ ಅವನಿಗೇ ಯಾಕೆ? ಅವನಿಗೇನು ಕೊಂಬಿದೆಯಾ?" ಎಂದು ಇವಳು ಅಂಗಳದಲ್ಲಿ ಎಲ್ಲರೆದುರು ಕೂಗಾಡಿದಳು. ಮೇಸ್ತ್ರಿ ತಲೆಯಾಡಿಸಿ ಹೋದ.

ಲುಕ್ಯಾನನಿಗೆ ನಾಲಿಗೆಯ ಮೇಲೆ ಹಿಡಿತವಿರಲಿಲ್ಲ. ಒಂದು ಸಂಜೆ ನನ್ನ ಹಂಡೆಯ ಮುಂದೆ ಸಾಲಿನಲ್ಲಿ ನಿಂತವನು, "ಝಾರ್ ನಮ್ಮ ಚರ್ಮ ಸುಲಿದ, ಇಲ್ಲ ಅನ್ನಲ್ಲ. ಆದ್ರೆ ಭಾನುವಾರ ಅವನ ಕೈಗೂ ರಜೆ ಇತ್ತು ಕಣ್ರಯ್ಯಾ!" ಎಂದ. ಎಲ್ಲರೂ ನಕ್ಕರು. ಎಫೀಮನೂ ನಕ್ಕ.

"ಬಾಯ್ಬಿಟ್ರೆ ಬಣ್ಣಗೇಡು. ತೆಪ್ಪಗೆ ನೀರು ಹಿಡ್ಕೊಂಡು ಹೋಗೋ" ಎಂದು ಗದರಿಸಿದೆ.

"ನಂದು ಹಳದಿ ಅಜ್ಜೀ, ಸರ್ಕಾರಿ ಬಣ್ಣ, ಕೆಡಲ್ಲ" ಎಂದು ಕಣ್ಣು ಹೊಡೆದು ಹೋದ.

ಎಲೆ ಉದುರುವ ಹೊತ್ತಿಗೆ ಅವನನ್ನು ಪೊಲೀಸರು ಕಾರ್ಖಾನೆಯ ಬಾಗಿಲಲ್ಲೇ ಹಿಡಿದುಕೊಂಡು ಹೋದರು. ಯಾರು ಚಾಡಿ ಹೇಳಿದರೋ, ಅವತ್ತು ಸಾಲಿನಲ್ಲಿ ಅರ್ಧ ಬ್ಯಾರಕ್ಕೇ ಇತ್ತು. ಉಸ್ತೀನ್ಯಾ ಗಂಡನಿಗೆ ತಲುಪಿಸಲು ಉಣ್ಣೆಯ ಕಾಲುಚೀಲದ ಗಂಟು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದಳು. ಯಾರೂ ಅದನ್ನು ಮುಟ್ಟಲಿಲ್ಲ. ಅದೇ ವಾರ ಎಫೀಮನಿಗೆ ಹಳದಿ ಚೀಟಿ ಬಂತು.

ಇಬ್ಬರಿಗೂ ಒಟ್ಟಿಗೆ ಸಿಕ್ಕ ಮೊದಲ ರಜೆ. ಗ್ಲಾಫಿರಾ ಕೂಡಿಟ್ಟ ಹಿಟ್ಟನ್ನೆಲ್ಲ ಹಾಕಿ, ಎಲೆಕೋಸು ತುಂಬಿ ಪಿರೋಗ್ ಬೇಯಿಸಿದಳು. ನನ್ನನ್ನೂ ಕರೆದಳು. ಕತ್ತರಿಸಲು ಚಾಕು ಎತ್ತಿದವಳು ಹಾಗೆಯೇ ನಿಂತಳು. ಆಚೆಯಿಂದ ಯಾವ ಸದ್ದೂ ಇರಲಿಲ್ಲ.

"ಏನ್ರೀ, ಲುಕ್ಯಾನ್ ವಿಷಯದಲ್ಲಿ ನಿಮ್ಮನ್ನೇನಾದ್ರೂ ಕೇಳಿದ್ರಾ?" ಎಂದು ಗಂಡನಿಗೆ ಪಿಸುಗುಟ್ಟಿದಳು.

"ನಾನಾಗಿ ಹೋಗಿ ಹೇಳ್ಲಿಲ್ಲ. ಕರೆಸಿದ್ರು. ಹಿಂಗಂದ್ನಂತೆ, ಹೌದಾ ಅಂದ್ರು. ಹೌದು ಅಂದೆ."

"ಕೇಳಿಸ್ಲಿಲ್ಲ ಅನ್ಬಹುದಿತ್ತು."

"ನೀನಾಗಿದ್ರೆ ಅಂತಿದ್ಯಾ?"

ಅವಳು ಪಿರೋಗ್ ಕತ್ತರಿಸಿದಳು. ಒಂದು ತುಂಡನ್ನು ತಟ್ಟೆಗೆ ಹಾಕಿಕೊಂಡು ಪಕ್ಕದ ಬಾಗಿಲು ತಟ್ಟಿದಳು. ಉಸ್ತೀನ್ಯಾ ಬಾಗಿಲು ತೆಗೆಯಲಿಲ್ಲ. "ನಂದು ಊಟ ಆಯ್ತು ಕಣಮ್ಮ, ನೀವು ಉಣ್ಣಿ" ಎಂದಳು ಒಳಗಿನಿಂದಲೇ. ಪಿರೋಗ್ ಮೇಜಿನ ಮೇಲೆ ಆರಿ ತಣ್ಣಗಾಯಿತು. ಮಾರನೆಯ ದಿನ ಗ್ಲಾಫಿರಾ ಮತ್ತೆ ಮೇಸ್ತ್ರಿಯ ಹತ್ತಿರ ಹೋಗಿ, ತನಗೆ ಹಸಿರು ಕೊಡಿ ಎಂದು ಬೇಡಿದಳು. ಕ್ರೇನಿನಲ್ಲಿ ಆಗಷ್ಟೇ ಒಂದು ಹಸಿರು ಜಾಗ ಖಾಲಿಯಾಗಿತ್ತು; ಅವನು ನಕ್ಕು, ಕೊಟ್ಟ.

ಹಿಮ ಬೀಳುವ ಹೊತ್ತಿಗೆ ಮಾಸ್ಕೋದಿಂದ ಹೊಸ ಅಪ್ಪಣೆ ಬಂತು. ಬಣ್ಣಗಳೆಲ್ಲ ರದ್ದು. ಇನ್ನು ಮುಂದೆ ಆರು ದಿನಕ್ಕೊಮ್ಮೆ ಎಲ್ಲರಿಗೂ ಒಟ್ಟಿಗೇ ರಜೆ. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಲುಕ್ಯಾನನ ನೆನಪಾಗಿ ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಉರಿದು ಏನು ಮಾಡಲಿ, ನಾನೂ ಚಪ್ಪಾಳೆ ತಟ್ಟಿದೆ.

ಆ ಮೊದಲ ರಜೆಯ ದಿನ ಬ್ಯಾರಕ್ಕಿನಲ್ಲಿ ಎಲ್ಲರೂ ಮನೆಯಲ್ಲೇ ಇದ್ದರು. ನಾನು ಬಿಸಿನೀರು ಕೊಡಲು ಹೋದಾಗ ಗ್ಲಾಫಿರಾ ಮತ್ತು ಎಫೀಮ್ ಎದುರುಬದುರು ಕೂತಿದ್ದರು. ನಡುವೆ ಬೇಯಿಸಿದ ಆಲೂಗಡ್ಡೆ ಇತ್ತು.

"ಮೂರು ತಿಂಗಳು" ಎಂದಳು ಅವಳು. "ಇನ್ನು ಮೂರೇ ತಿಂಗಳು ಕಾದಿದ್ರೆ ಸುಮ್ನೆ ಸಿಕ್ತಿತ್ತಲ್ರೀ."

ಎಫೀಮ್ ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಿದ್ದ.

"ಹಳದಿ ಕೊಡಿ ಅಂತ ನಾನು ಒಂದಿನಾನೂ ಕೇಳಿಲ್ಲ ಕಣೇ. ಲುಕ್ಯಾನ್ ಜಾಗ ಬೇಕು ಅಂತ ದಿನಾ ಕೇಳ್ತಿದ್ದೋಳು ನೀನು."

ಆಚೆ ಕೋಣೆಯಲ್ಲಿ ಉಸ್ತೀನ್ಯಾಳ ಚಮಚದ ಸದ್ದು ನಿಂತಿತು. ಅವಳಿಗೂ ಅವತ್ತು ರಜೆಯೇ ಅಲ್ಲವೇ.