ಹಬ್ಬದ ದಿನ ಒಂದು ಡಬ್ಬಿ ಕ್ರ್ಯಾನ್‌ಬೆರಿ

ಎಲ್ಲಿಂದ ಶುರು ಮಾಡಲಿ? ಅಂಗಡಿಯ ಬಾಗಿಲಿನಿಂದಲೇ? ಅದು ಎದುರು ಯಾರು ಬಂದರೂ ತಾನಾಗಿ ತೆರೆದುಕೊಳ್ಳುತ್ತದೆ, ಊರೆಲ್ಲ ಮನೆಯಲ್ಲಿ ಕೂತು ಉಣ್ಣುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನವೂ. ಅದಕ್ಕೆ ನಾಚಿಕೆಯಿಲ್ಲ. ವೆಂಡೆಲ್‌ಗೆ ಇದೆ. ಹಾಗಾದರೆ ವೆಂಡೆಲ್‌ನಿಂದ.

೧

ವೆಂಡೆಲ್ ಸ್ಟ್ರೌಡ್ ಓಹಿಯೋದ ಒಂದು ಸಣ್ಣ ಊರಿನ ಸೂಪರ್‌ಮಾರ್ಕೆಟ್ಟಿನ ಮ್ಯಾನೇಜರ್. ಹಬ್ಬದ ದಿನವೂ ಅಂಗಡಿ ತೆರೆಯಬೇಕೆಂದು ಮೇಲಿನವರು ಹೇಳಿದರು. 'ಸ್ವಇಚ್ಛೆಯಿಂದ ಬರುವವರು ಹೆಸರು ಬರೆಯಿರಿ' ಎಂಬ ಹಾಳೆಯನ್ನು ಅವನು ಕಾಫಿ ಮಷೀನಿನ ಪಕ್ಕ ಅಂಟಿಸಿದ. ಎಂಟು ದಿನ ಅದು ಖಾಲಿಯೇ ಇತ್ತು. ಒಂಬತ್ತನೆಯ ದಿನ ವೆಂಡೆಲ್ ತಾನೇ ಪೆನ್ನು ತೆಗೆದು ಕ್ಯಾಷಿಯರ್ ಡೊರೀನ್‌ಳ ಹೆಸರು ಬರೆದ. ಅರವತ್ತು ದಾಟಿದ ಹೆಂಗಸು, ಗಂಡನಿಲ್ಲ, ಮಕ್ಕಳಿಲ್ಲ; ಅವಳಿಗೆಂಥ ಹಬ್ಬ?

(ಅಂಗಡಿ ತೆರೆಯಬೇಕೇ ಬೇಡವೇ ಎಂದು ಇಲ್ಲಿ ಒಂದು ಪುಟದ ಚರ್ಚೆ ಬರೆದಿದ್ದೆ. ಎರಡೂ ಕಡೆಯವರು ಚೆನ್ನಾಗಿಯೇ ಮಾತಾಡಿದರು. ಹರಿದು ಹಾಕಿದೆ. ಚರ್ಚೆಗೆ ಡೊರೀನ್ ಬಂದಿರಲಿಲ್ಲ, ಡ್ಯೂಟಿಯಲ್ಲಿದ್ದಳು.)

೨

ಹೇಳಲು ಮರೆತೆ. (ಮರೆತಿಲ್ಲ, ಮುಂದೂಡಿದೆ.) ಹಾಳೆಯಲ್ಲಿ ಆ ಹೆಸರು ಬೀಳುವುದಕ್ಕೂ ಹಿಂದಿನ ವಾರ ಡೊರೀನ್ ಅದೇ ಅಂಗಡಿಯಲ್ಲಿ ಹಬ್ಬಕ್ಕೆಂದು ಇಪ್ಪತ್ತು ಪೌಂಡಿನ ಟರ್ಕಿ ಕೋಳಿ ಕೊಂಡಿದ್ದಳು. ಅದನ್ನು ಕಾರಿನವರೆಗೆ ಹೊತ್ತವನು ವೆಂಡೆಲ್.

"ಅಬ್ಬಾ! ಇದನ್ನ ನೀವೊಬ್ರೇ ತಿಂತೀರಾ?"

"ನಾನೇನು ರಾಕ್ಷಸಿಯೇನಪ್ಪಾ? ನಮ್ಮ ಬಿಲ್ಡಿಂಗ್‌ನಲ್ಲಿ ಒಂಟಿಯಾಗಿರೋರು ಐದು ಜನ ಇದಾರೆ, ಪ್ರತಿ ವರ್ಷ ಅವರಿಗೆಲ್ಲ..."

ಅಷ್ಟರಲ್ಲಿ ವೆಂಡೆಲ್‌ನ ಫೋನು ರಿಂಗಾಯಿತು. ಉಳಿದದ್ದನ್ನು ಅವನು ಕೇಳಲಿಲ್ಲ.

೩

ಹಬ್ಬದ ಮಧ್ಯಾಹ್ನ ಒಂದೂವರೆ. ವೆಂಡೆಲ್‌ಗೆ ರಜೆ. ಮನೆಯಲ್ಲಿ ಟರ್ಕಿ ಬೆಂದು ಘಮಘಮಿಸುತ್ತಿದೆ. ಹೆಂಡತಿ ಮಾರ್ಲಿಸ್ ಕಪಾಟು ತೆಗೆದವಳೇ ಕಿರುಚಿದಳು.

"ಕ್ರ್ಯಾನ್‌ಬೆರಿ ಡಬ್ಬಿ ಎಲ್ಲೋ? ಟರ್ಕಿ ಜೊತೆ ಆ ಹುಳಿ ಹಣ್ಣಿನ ಗೊಜ್ಜಿಲ್ದೆ ನಮ್ಮಮ್ಮ ತುತ್ತು ಎತ್ತಲ್ಲ!"

"ಇವತ್ತು ಎಲ್ಲೇ ಸಿಗುತ್ತೆ?"

"ನಿನ್ನಂಗ್ಡೀನೇ ತೆಗ್ದಿದೆಯಲ್ಲೋ ಮಾರಾಯ!"

ಅಂಗಡಿಯಲ್ಲಿ ತೆರೆದಿದ್ದದ್ದು ಒಂದೇ ಕೌಂಟರ್. ಅಲ್ಲಿ ಡೊರೀನ್. ಅವನ ಮುಂದಿದ್ದ ಮೂವರೂ ಸಾಮಾನು ಎತ್ತಿಕೊಳ್ಳುತ್ತ ಒಂದೇ ಮಾತು ಹೇಳಿ ಹೋದರು: "ಪಾಪ, ಇವತ್ತೂ ನಿಮ್ಮನ್ನ ದುಡಿಸ್ತಾರಲ್ರೀ." ಸರದಿ ಬಂದಾಗ ವೆಂಡೆಲ್‌ನ ಬಾಯಿಂದಲೂ ಅದೇ ಹೊರಟಿತು.

"ಪಾಪ, ಇವತ್ತೂ ನಿಮ್ಮನ್ನ ದುಡಿಸ್ತಾ..."

ಡೊರೀನ್ ಡಬ್ಬಿಯನ್ನು ಸ್ಕ್ಯಾನ್ ಮಾಡಿದಳು. "ಯಾರಪ್ಪಾ ದುಡಿಸ್ತಿರೋದು?"

ವೆಂಡೆಲ್ ಪರ್ಸಿಗಾಗಿ ಜೇಬು ತಡಕಾಡಿದ. "ನಿಮ್ಮ... ಟರ್ಕಿ?"

"ಓವನ್‌ನಲ್ಲಿದೆ. ಮಹಡಿ ಮೇಲಿನ ತಾತ ನೋಡ್ಕೋತಿದಾರೆ. ಎಂಬತ್ತೆಂಟು ವರ್ಷ, ಕಣ್ಣು ಬೇರೆ ಮಂಜು. ನನ್ನ ಡ್ಯೂಟಿ ಮುಗಿಯೋದು ಐದಕ್ಕೆ. ಹೋಗಿ ನೋಡ್ಬೇಕು, ಕೋಳಿ ಉಳಿದಿದೆಯೋ ಇದ್ದಿಲಾಗಿದೆಯೋ." ಅವಳು ರಸೀದಿ ಹರಿದು ಕೊಟ್ಟಳು. "ಆ ಹಾಳೇಲಿ ನನ್ನ ಹೆಸರು ನೋಡ್ದೆ ಕಣಪ್ಪ. ಅಕ್ಷರ ದುಂಡಗಿತ್ತು. ನಂಗೆ ಅಷ್ಟು ಚೆನ್ನಾಗಿ ಬರಲ್ಲ."

೪

ಒಂದನೆಯ ಅಂತ್ಯ: ವೆಂಡೆಲ್ ಏಪ್ರನ್ ಕಟ್ಟಿಕೊಂಡು ಕೌಂಟರಿನಲ್ಲಿ ನಿಲ್ಲುತ್ತಾನೆ, ಡೊರೀನ್ ಮನೆಗೆ ಓಡುತ್ತಾಳೆ.

(ಬರೆದೆ. ಡೊರೀನ್ ಒಪ್ಪಲಿಲ್ಲ. "ಅವನನ್ನ ಒಳ್ಳೇವನ್ನಾಗಿ ಮಾಡೋಕೆ ನನ್ನ ಹಬ್ಬಾನೇ ಬೇಕಾಯ್ತೇನಯ್ಯಾ ನಿಂಗೆ?" ಎಂದಳು. ಹೊಡೆದು ಹಾಕಿದೆ.)

ಎರಡನೆಯದು: ಅವನು ಡಬ್ಬಿ ಹಿಡಿದು ಮನೆಗೆ ಹೋಗುತ್ತಾನೆ. ಉಣ್ಣುವ ಮುಂಚೆ ಮೇಜಿನ ಸುತ್ತ ಒಬ್ಬೊಬ್ಬರೂ ಈ ವರ್ಷ ಯಾವುದಕ್ಕೆ ಕೃತಜ್ಞರೆಂದು ಹೇಳಬೇಕು. ಅವನ ಸರದಿ ಬಂದಿದೆ. ಅತ್ತೆಯ ಚಮಚ ಆಗಲೇ ಕ್ರ್ಯಾನ್‌ಬೆರಿಯಲ್ಲಿದೆ. ಎಲ್ಲರೂ ಕಾಯುತ್ತಿದ್ದಾರೆ. ಅವನ ಬಾಯಿಗೆ ಯಾವ ಮಾತು ಕೊಟ್ಟರೂ ಸುಳ್ಳೆನಿಸುತ್ತದೆ. ಅಲ್ಲೇ ಕೂರಿಸಿ ಬಂದಿದ್ದೇನೆ.

೫

ಟರ್ಕಿ ಏನಾಯಿತು? ಗೊತ್ತಿಲ್ಲ, ಓದುಗರೇ. ಐದು ಗಂಟೆಯವರೆಗೆ ನಾನು ಕಾಯಲಿಲ್ಲ. ಕ್ಯೂನಲ್ಲಿ ವೆಂಡೆಲ್‌ನ ಹಿಂದೆ ನಿಂತಿದ್ದವನು ನಾನೇ. ಎಲ್ಲವನ್ನೂ ಕೇಳಿಸಿಕೊಂಡಿದ್ದೆ. ಕೈಯಲ್ಲಿ ಒಂದು ಡಬ್ಬಿ ಕ್ರೀಮ್. ಅದನ್ನು ವಾಪಸ್ಸು ಇಟ್ಟು ಹೊರಟುಬಿಡಬಹುದಿತ್ತು. ಕೌಂಟರಿನ ಮೇಲಿಟ್ಟೆ.

ನಾನೂ ಅದೇ ಮಾತು ಹೇಳುತ್ತೇನೇನೋ ಎಂದು ಡೊರೀನ್ ಒಂದು ಕ್ಷಣ ನೋಡಿದಳು.

"ಚೀಲ ಬೇಕಾ?"

"ಬೇಕು" ಎಂದೆ.